ಕವಚ ಶುರುವಾಗುವುದು ಸೂಜಿಯಿಂದ

ನನ್ನ ಕುಲುಮೆಗೆ ಹೊಸದಾಗಿ ಬರುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ತಗಡು ಎಷ್ಟು ದಪ್ಪ ಇರಬೇಕು?" ಮಧ್ಯಯುಗದ ಯುರೋಪಿನ ಯೋಧರಂತೆ ಉಕ್ಕು ತೊಟ್ಟು ಕಣಕ್ಕಿಳಿಯುವ ಆಸೆ ಹೊತ್ತು ಬಂದವರು ಇವರು. ನಾನು ತಿರುಗಿ ಕೇಳುವುದು ಬೇರೆ: "ಒಳಗೆ ಏನು ಹಾಕಿಕೊಳ್ಳುತ್ತೀರಿ?" ಹೆಚ್ಚಿನವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ.

ಹೋದ ತಿಂಗಳು ಬಂದ ಯುವಕನ ಕೈಯಲ್ಲಿ ಹೊಳೆಯುವ ಎದೆಕವಚ ಇತ್ತು. ಕೊಂಡು ತಂದದ್ದು, ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ತೊಟ್ಟು ನಿಂತರೆ ನೋಡಲೂ ಚೆಂದ. ಕುರ್ಚಿ ತೋರಿಸಿ ಕೂರಲು ಹೇಳಿದೆ. ಕೂತ ಕೂಡಲೇ ಕೆಳಗಿನ ಅಂಚು ತೊಡೆಗೆ ತಾಗಿ ಇಡೀ ಕವಚ ಮೇಲೆದ್ದಿತು, ಮೇಲಂಚು ಗಂಟಲನ್ನು ಒತ್ತಿತು. ಎದ್ದು ನಿಂತು ಎರಡೂ ಅಂಗೈ ಎದೆಯ ಮುಂದೆ ಜೋಡಿಸಲು ಹೇಳಿದೆ. ಕಂಕುಳ ಬಳಿ ತಗಡು ಅಡ್ಡ ಬಂತು, ಕೈ ಕೂಡಲಿಲ್ಲ. ಅಂಗೈ ಜೋಡಿಸಲಾಗದಿದ್ದರೆ ಎರಡು ಕೈಯ ಕತ್ತಿಯನ್ನೂ ಹಿಡಿಯಲಾಗದು. ತಗಡಿನ ದಪ್ಪ 2 ಮಿಲಿಮೀಟರ್, ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಳತೆ ಮಾತ್ರ ಅವನದಾಗಿರಲಿಲ್ಲ.

ಇಷ್ಟು ವರ್ಷ ಸುತ್ತಿಗೆ ಹಿಡಿದ ಮೇಲೆ ನನಗೆ ಖಚಿತವಾಗಿರುವುದು ಇದು: ಕವಚ ಮಾಡುವವನು ಮೊದಲು ದರ್ಜಿ, ಆಮೇಲೆ ಕಮ್ಮಾರ. ಮೈಗೆ ಕೂಡದ ಕವಚ ಎಷ್ಟೇ ದಪ್ಪವಿದ್ದರೂ ಹೊರೆ. ಮೈಗೆ ಕೂತದ್ದು ತೆಳುವಾಗಿದ್ದರೂ ಕಾಯುತ್ತದೆ.

ಯಾವ ಕಣಕ್ಕೆ ಇಳಿಯುತ್ತೀರಿ ಎನ್ನುವುದು ಮೊದಲೇ ತೀರ್ಮಾನವಾಗಬೇಕು. ಐತಿಹಾಸಿಕ ಕಾಳಗಗಳ ಮರುಪ್ರದರ್ಶನ ಒಂದು ದಾರಿ. 1410ರ ಜುಲೈ 15ರಂದು ಪೋಲೆಂಡ್–ಲಿಥುವೇನಿಯಾದ ಸೇನೆ ಟ್ಯೂಟಾನಿಕ್ ಎಂಬ ಜರ್ಮನ್ ಧಾರ್ಮಿಕ ಪಂಥದ ಯೋಧರನ್ನು ಸೋಲಿಸಿದ ಗ್ರುನ್‌ವಾಲ್ಡ್ ಕದನವನ್ನು ಬೇಸಿಗೆಯಲ್ಲಿ ಅದೇ ಬಯಲಿನಲ್ಲಿ ಆಡಿ ತೋರಿಸುತ್ತಾರೆ. ಅಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಹೊಡೆತಗಳಿಗೆ ಲಗಾಮು ಇರುತ್ತದೆ, ಉಡುಪಿನ ನಿಖರತೆಗೆ ಬೆಲೆ ಹೆಚ್ಚು. ಇನ್ನೊಂದು ದಾರಿ ಬುಹುರ್ಟ್. ಮೊಂಡು ಉಕ್ಕಿನ ಆಯುಧಗಳಿಂದ ಪೂರ್ತಿ ಬಲ ಹಾಕಿ ಹೊಡೆಯುವ ತಂಡದ ಕ್ರೀಡೆ ಇದು, ನೆಲಕ್ಕೆ ಬಿದ್ದವನು ಹೊರಗೆ. ಇದರ ದೊಡ್ಡ ಪಂದ್ಯಾವಳಿ 'ಬ್ಯಾಟಲ್ ಆಫ್ ದಿ ನೇಷನ್ಸ್' 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಶುರುವಾಯಿತು. ಇಲ್ಲಿ ಚುಚ್ಚುವಂತಿಲ್ಲ, ಮಂಡಿಯ ಹಿಂಭಾಗ, ಪಾದ, ತೊಡೆಸಂದು, ಕತ್ತಿನ ಹಿಂಭಾಗಕ್ಕೆ ಹೊಡೆಯುವಂತಿಲ್ಲ, ಕತ್ತಿಯ ಅಂಚು ಮೊಂಡಾಗಿ ಕನಿಷ್ಠ 2 ಮಿಲಿಮೀಟರ್ ದಪ್ಪ ಇರಬೇಕು. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಎಂಬ ಬಳಗದ ಕವಚದ ಕಾಳಗದಲ್ಲಿ ಕತ್ತಿಯ ಜಾಗಕ್ಕೆ ಬೆತ್ತದ ಕೋಲು. ಒಂದು ಕಣಕ್ಕೆ ಒಪ್ಪುವ ಕವಚ ಇನ್ನೊಂದಕ್ಕೆ ಸಾಲದೆ ಹೋಗಬಹುದು. ಆದ್ದರಿಂದ ನಿಮ್ಮ ತಂಡದ ನಿಯಮ ಓದುವ ಮೊದಲು ಒಂದು ಮೊಳೆಯನ್ನೂ ಕೊಳ್ಳಬೇಡಿ.

ಇನ್ನು ಒಳಗಿನ ಬಟ್ಟೆ. ಗ್ಯಾಂಬೆಸನ್ ಎಂದು ಕರೆಯುವ ದಪ್ಪ ಹೊಲಿಗೆಯ ಅಂಗಿಯನ್ನು ಉಕ್ಕಿಗೆ ಒತ್ತಾಸೆ ಎಂದುಕೊಂಡವರೇ ಹೆಚ್ಚು. ಅದು ಒಂಟಿಯಾಗಿಯೂ ಕವಚವೇ ಆಗಿತ್ತು. 15ನೇ ಶತಮಾನದಲ್ಲಿ ಫ್ರಾನ್ಸಿನ ಹನ್ನೊಂದನೇ ಲೂಯಿಯ ಕಾಲದ ಸೇನಾ ಆದೇಶವೊಂದು ಸೈನಿಕರ ಅಂಗಿಗೆ 30 ಪದರ, ಕಡಿಮೆಯೆಂದರೆ 25 ಪದರ ಬಟ್ಟೆ ಮತ್ತು ಒಂದು ಜಿಂಕೆ ಚರ್ಮ ಇರಬೇಕು ಎನ್ನುತ್ತದೆ. ಹೊಸ ಬಟ್ಟೆ ಬೇಡ, ಬಳಸಿ ಮೆತ್ತಗಾದ ನಾರುಬಟ್ಟೆಯೇ ಒಳ್ಳೆಯದು ಎಂಬ ಮಾತೂ ಅದರಲ್ಲಿದೆ. ಬಳಸಿದ ಬಟ್ಟೆಯ ಗುಣವನ್ನು ಕೈಯಾರೆ ಕಂಡವರು ಮಾತ್ರ ಬರೆಯಬಹುದಾದ ಮಾತು ಅದು.

ಬಟ್ಟೆ ಮಾಡುವ ಕೆಲಸ ಸರಳ. ಹೊಡೆತ ಬಿದ್ದಾಗ ಉಕ್ಕು ಅದನ್ನು ಅಗಲಕ್ಕೆ ಹರಡುತ್ತದೆ, ಬಟ್ಟೆ ಅದನ್ನು ನಿಧಾನಿಸುತ್ತದೆ. ನಿಲ್ಲಲು ತೆಗೆದುಕೊಳ್ಳುವ ಸಮಯ ಹೆಚ್ಚಿದಷ್ಟೂ ಮೂಳೆಯ ಮೇಲೆ ಬೀಳುವ ಬಲ ಕಡಿಮೆ. ಬರೀ ಟೀ ಶರ್ಟಿನ ಮೇಲೆ 2 ಮಿಲಿಮೀಟರ್ ಉಕ್ಕು ಕಟ್ಟಿಕೊಂಡವನಿಗೆ ತಗಡು ತೂತಾಗದಿದ್ದರೂ ಪಕ್ಕೆಲುಬು ಬಿರುಕು ಬಿಡಬಹುದು.

ಈ ಅಂಗಿಯಲ್ಲಿ ನಾನು ಮೊದಲು ನೋಡುವುದು ತೋಳಿನ ಸಂದು. ಇಂದಿನ ಅಂಗಿಗಳಲ್ಲಿ ಅದು ಸಡಿಲ. ಕೈ ಎತ್ತಿದರೆ ಅಂಗಿಯ ಅಂಚೂ ಮೇಲೆ ಬರುತ್ತದೆ, ಅದಕ್ಕೆ ಕಟ್ಟಿದ ಉಕ್ಕೂ ಬರುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಜವಳಿ ವಸ್ತುಸಂಗ್ರಹಾಲಯದಲ್ಲಿ ಷಾರ್ಲ್ ಡಿ ಬ್ಲುವಾ ಎಂಬ ಫ್ರೆಂಚ್ ಪ್ರಭುವಿನದು ಎಂದು ಹೇಳಲಾಗುವ 14ನೇ ಶತಮಾನದ ಅಂಗಿಯೊಂದಿದೆ. ಅದರ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ನಿಲ್ಲದೆ ಎದೆ ಮತ್ತು ಬೆನ್ನಿನ ಮೇಲೆ ದೊಡ್ಡ ವೃತ್ತವಾಗಿ ಹರಿಯುತ್ತದೆ, ಕಂಕುಳಲ್ಲಿ ಮಾತ್ರ ಬಿಗಿ. ಈ ಕತ್ತರಿಕೆಯಲ್ಲಿ ಹೊಲಿದ ಅಂಗಿ ತೊಟ್ಟು ಕೈಯನ್ನು ನೆತ್ತಿಯ ಮೇಲೆ ಎತ್ತಿ, ಸೊಂಟದ ಅಂಚು ಕದಲುವುದಿಲ್ಲ. ಕಾಲಿನ ಕವಚ ನೇತುಬೀಳುವುದು ಆ ಅಂಚಿನಿಂದಲೇ, ಹಾಗಾಗಿ ಅದು ಕದಲಬಾರದು. ಹಳೆಯ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ನೋಡಿ, ಬೇಕಾದರೆ ಮೂರು ಹೊಲಿಯಿರಿ. ಉಕ್ಕನ್ನು ಬಿಚ್ಚಿ ಹೊಲಿಯಲು ಬರುವುದಿಲ್ಲ.

ಭಾರದ ಲೆಕ್ಕಕ್ಕೂ ಈ ಅಂಗಿಯೇ ತಳಪಾಯ. 15ನೇ ಶತಮಾನದ ಪೂರ್ಣ ಯುದ್ಧಕವಚ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತಿತ್ತು. ಯೋಧರನ್ನು ರಾಟೆಯಲ್ಲಿ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು ಎಂಬ ಕತೆಯನ್ನು ದಯವಿಟ್ಟು ಮರೆತುಬಿಡಿ. ಬೂಸಿಕೋ ಎಂದು ಹೆಸರಾದ ಫ್ರೆಂಚ್ ಸೇನಾನಿ ಉಕ್ಕು ತೊಟ್ಟು ಕುದುರೆ ಮೇಲೆ ನೆಗೆಯುತ್ತಿದ್ದ, ಏಣಿಯ ಒಳಬದಿಯಿಂದ ಬರೀ ಕೈಬಲದಲ್ಲಿ ಏರುತ್ತಿದ್ದ ಎಂದು ಅವನ ಜೀವನಚರಿತ್ರೆ ಬಣ್ಣಿಸುತ್ತದೆ. ಹಾಗೆಂದು ಭಾರ ಲೆಕ್ಕಕ್ಕಿಲ್ಲ ಎಂದಲ್ಲ. 2011ರಲ್ಲಿ ಪ್ರಕಟವಾದ, ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕವಚವಿಲ್ಲದೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಯಿತು. ಕಾಲಿನ ಮೇಲಿನ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು, ಅದೇ ತೂಕ ಬೆನ್ನಿನ ಚೀಲದಲ್ಲಿದ್ದರೆ ಅಷ್ಟು ದಣಿವಿಲ್ಲ. ಎದೆಯ ತಗಡು ಆಳವಾಗಿ ಉಸಿರೆಳೆಯಲು ಬಿಡುವುದಿಲ್ಲ, ತುಂಡು ತುಂಡಾಗಿ ಉಸಿರಾಡುತ್ತಾರೆ.

ಆದ್ದರಿಂದ ಎದೆಕವಚ ಭುಜದಿಂದ ಜೋತಾಡಬಾರದು, ಸೊಂಟದ ಮೇಲೆ ಕೂರಬೇಕು. ಸೊಂಟ ಎಂದರೆ ಪ್ಯಾಂಟಿನ ಬೆಲ್ಟ್ ಕಟ್ಟುವ ಜಾಗವಲ್ಲ. ಪಕ್ಕಕ್ಕೆ ಬಾಗಿದಾಗ ಮೈ ಮಡಿಯುವ ಜಾಗ, ಹೊಕ್ಕುಳಿಗಿಂತ ತುಸು ಮೇಲೆ. ಆ ಯುವಕನ ಕವಚ ಬೆಲ್ಟಿನವರೆಗೂ ಇಳಿದಿತ್ತು. ನನ್ನ ಮೊದಲ ಕವಚವೂ ಹಾಗೇ ಇತ್ತು, ಕೆಳಗಿನ ನಾಲ್ಕು ಬೆರಳಗಲವನ್ನು ಕತ್ತರಿಸಿ ಎಸೆದ ದಿನ ಈ ವಿದ್ಯೆಯ ಮೊದಲ ಪಾಠ ತಲೆಗೆ ಹತ್ತಿತು.

ಉಕ್ಕಿಗೆ ಕೈ ಹಾಕುವ ಹೊತ್ತು ಬಂದಾಗ ಮಂಡಿಯಿಂದ ಶುರು ಮಾಡಿ ಎನ್ನುತ್ತೇನೆ. ಚಿಕ್ಕ ತುಂಡು, ತಪ್ಪಿದರೆ ನಷ್ಟ ಕಡಿಮೆ, ಆದರೆ ಇಡೀ ವಿದ್ಯೆ ಅದರಲ್ಲಿದೆ. ಮೊದಲು ರಟ್ಟಿನಲ್ಲಿ ನಮೂನೆ. ಒಳಗಿನ ಮೆತ್ತೆ ಕಟ್ಟಿಕೊಂಡೇ ಅಳತೆ ತೆಗೆಯಬೇಕು, ಕಾಲು ಮಡಿಸಿಯೂ ತೆಗೆಯಬೇಕು. ನಿಂತ ಅಳತೆಯಲ್ಲಿ ಮಾಡಿದ ನನ್ನ ಒಂದು ಜೊತೆ ಮಂಡಿಚಿಪ್ಪು, ಮೊಣಕಾಲೂರಿದಾಗಲೆಲ್ಲ ಕೆಳಗಿನ ಪಟ್ಟಿಯ ಅಂಚನ್ನು ಮೊಳಕಾಲಿನ ಮೂಳೆಗೆ ಕಚ್ಚಿಸುತ್ತಿತ್ತು. ಗುರುತು ಇನ್ನೂ ಇದೆ.

ಕಾದ ಕಬ್ಬಿಣವನ್ನೇ ಬಡಿಯಬೇಕು ಎನ್ನುವುದು ನಮ್ಮ ಮಾತು. ಆದರೆ ಮೆದು ಉಕ್ಕಿನ, ಅಂದರೆ ಇಂಗಾಲ ಕಡಿಮೆ ಇರುವ ಉಕ್ಕಿನ, ಮಂಡಿಚಿಪ್ಪಿನಲ್ಲಿ ಬಹುಪಾಲು ಕೆಲಸ ತಣ್ಣಗಿರುವಾಗಲೇ ನಡೆಯುತ್ತದೆ. ಮರದ ದಿಮ್ಮಿಯಲ್ಲಿ ಬಟ್ಟಲಿನಂಥ ಗುಳಿ ಕೊರೆದು, ತಗಡನ್ನು ಅದರ ಮೇಲಿಟ್ಟು, ಗುಂಡುಮೂತಿಯ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಬಡಿಯುತ್ತಾ ಹೋಗಬೇಕು. ಒಂದೇ ಕಡೆ ಬಡಿದರೆ ಅಲ್ಲಿ ತೆಳುವಾಗಿ ಹರಿಯುತ್ತದೆ. ಅಂಚಿನಲ್ಲಿ ನಿರಿಗೆ ಏಳುತ್ತದೆ. ಮಡಿಕೆಯಾಗುವ ಮೊದಲೇ ಅದನ್ನು ಬಡಿದು ಒಳಗೆ ತಳ್ಳಬೇಕು, ಒಮ್ಮೆ ಮಡಿಕೆ ಬಿದ್ದರೆ ಅಲ್ಲೇ ಸೀಳುತ್ತದೆ. ಕಿವಿ ತೆರೆದಿಡಿ. ಶುರುವಿನಲ್ಲಿ ತಗಡು ಮಂಕು ದನಿಯಲ್ಲಿ 'ದಪ್ ದಪ್' ಎನ್ನುತ್ತದೆ. ಬಡಿದಷ್ಟೂ ಗಡುಸಾಗಿ ದನಿ 'ಟಣ್' ಎಂದು ಏರುತ್ತದೆ, ಸುತ್ತಿಗೆ ಪುಟಿಯತೊಡಗುತ್ತದೆ. ಇನ್ನು ಬಡಿದರೆ ಬಿರುಕು ಎಂದು ಲೋಹ ಹೇಳುವ ರೀತಿ ಅದು. ಆಗ ಕೆಂಪಗೆ ಕಾಯಿಸಿ, ಆತುರಪಡದೆ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆಕಾರ ಬಂದ ಮೇಲೆ ಗುಂಡಗಿನ ಕಬ್ಬಿಣದ ತಲೆಯ ಮೇಲಿಟ್ಟು ಹೊರಗಿನಿಂದ ಹಗುರ ಏಟುಗಳಿಂದ ಉಬ್ಬುತಗ್ಗು ಅಳಿಸುವುದು. ಈ ಕೊನೆಯ ಕೆಲಸಕ್ಕೇ ಅರ್ಧ ದಿನ ಹಿಡಿಯುತ್ತದೆ, ಆತುರದವರಿಗೆ ಇದು ಒಗ್ಗುವುದಿಲ್ಲ.

ಚಿಪ್ಪಿನ ಮೇಲೆ ಕೆಳಗೆ ಒಂದೊಂದು ಪಟ್ಟಿಯನ್ನು ರಿವೆಟ್‌ಗಳಿಂದ, ಅಂದರೆ ತುದಿ ಬಡಿದು ಕೂರಿಸುವ ಮೊಳೆಗಳಿಂದ, ಜೋಡಿಸಬೇಕು. ಈ ರಿವೆಟ್‌ಗಳು ಮಂಡಿಯ ಪಕ್ಕದಲ್ಲಿ, ಅದು ಮಡಿಯುವ ಅಚ್ಚಿಗೆ ಆದಷ್ಟು ಹತ್ತಿರ ಇರಬೇಕು. ಎರಡು ಮಿಲಿಮೀಟರ್ ಅತ್ತಿತ್ತ ಆದರೂ ಸಾಕು, ಕಾಲು ಮಡಿಸುವಾಗ ಪಟ್ಟಿ ಪಟ್ಟಿಯನ್ನು ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲು ಬೋಲ್ಟ್ ಹಾಕಿ ತೊಟ್ಟು ನಡೆದು, ಕೂತು, ಎದ್ದು ನೋಡಿ. ರಿವೆಟ್ ಬಡಿಯುವುದು ಕೊನೆಗೆ.

ಈಗ ದಪ್ಪದ ಪ್ರಶ್ನೆಗೆ ಬರಬಹುದು. ಮೆದು ಉಕ್ಕಾದರೆ ಕೈಕಾಲಿಗೆ 1.5 ಮಿಲಿಮೀಟರ್ ಆಸುಪಾಸು, ಶಿರಸ್ತ್ರಾಣಕ್ಕೆ 2 ಅಥವಾ ಹೆಚ್ಚು. ಇಂಗಾಲ ಹೆಚ್ಚಿರುವ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಮಿತವಾಗಿ ಬಿಸಿ ಮಾಡಿ ಹದಕ್ಕೆ ತಂದರೆ ಇದಕ್ಕಿಂತ ತೆಳುವಾದದ್ದೂ ಸಾಕು. ಆದರೆ ಅದ್ದುವಾಗ ತಗಡು ಸೊಟ್ಟಗಾಗುತ್ತದೆ, ಅನುಭವ ಇಲ್ಲದವರಿಗೆ ಅದು ಬೇಡ. ಮಿಲಾನ್, ಆಗ್ಸ್‌ಬರ್ಗ್‌ನ ಹಳೆಯ ಕುಶಲಕರ್ಮಿಗಳು ಒಂದೇ ದಪ್ಪದ ತಗಡನ್ನು ಎಲ್ಲೆಡೆ ಬಳಸಲಿಲ್ಲ. ಎದೆಯ ನಡುವೆ ದಪ್ಪ ಬಿಟ್ಟು, ಕಂಕುಳ ಕಡೆಗೆ ತೆಳು ಮಾಡುತ್ತಿದ್ದರು.

ಒಂದು ಎಚ್ಚರಿಕೆ, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಸತು ಲೇಪಿಸಿದ ತಗಡನ್ನು ಎಂದೂ ಕಾಯಿಸಬಾರದು. ಅದರ ಹೊಗೆ ಸೇರಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ ಶುರುವಾಗುತ್ತವೆ. ಕಿವಿಗೆ ರಕ್ಷಣೆ ಇಲ್ಲದೆ ತಗಡು ಬಡಿಯಲೂ ಬೇಡಿ, ಹೋದ ಕಿವಿ ಮರಳಿ ಬಾರದು.

ಶಿರಸ್ತ್ರಾಣವನ್ನು ಮೊದಲ ಕೆಲಸವಾಗಿ ಎತ್ತಿಕೊಳ್ಳುವವರನ್ನು ನಾನು ತಡೆಯುತ್ತೇನೆ. 1461ರ ಟೌಟನ್ ಕದನದ ಸತ್ತವರ ಗುಂಡಿಯೊಂದು 1996ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾಯಿತು, ಅಲ್ಲಿನ ತಲೆಬುರುಡೆಗಳ ಮೇಲೆ ಏಟಿನ ಮೇಲೆ ಏಟು. 1559ರಲ್ಲಿ ಫ್ರಾನ್ಸಿನ ದೊರೆ ಎರಡನೇ ಹೆನ್ರಿ ಈಟಿಯಾಟದಲ್ಲಿ ಮುರಿದ ಈಟಿಯ ಚೂರು ಮುಖಗವಸಿನೊಳಗೆ ನುಗ್ಗಿ ಗಾಯಗೊಂಡು, ಹತ್ತು ದಿನದಲ್ಲಿ ತೀರಿಕೊಂಡ. ಮುಖಗವಸಿನ ಕೊಂಡಿ ಗಟ್ಟಿಯಾಗಿರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು, ತಲೆಗೂ ಉಕ್ಕಿಗೂ ನಡುವೆ ಸುತ್ತಲೂ ಮೆತ್ತೆಯ ಅಂತರ ಇರಬೇಕು. ಇಷ್ಟಿದ್ದರೂ ತಲೆಯೊಳಗೆ ಮಿದುಳು ಅಲುಗುವುದನ್ನು ಯಾವ ಉಕ್ಕೂ ಪೂರ್ತಿ ತಡೆಯದು. ಏಟಿನ ನಂತರ ತಲೆ ಸುತ್ತಿದರೆ, ಕಣ್ಣು ಮಂಜಾದರೆ, ಆ ದಿನದ ಆಟ ಮುಗಿಯಿತು, ವೈದ್ಯರ ಬಳಿ ಹೋಗಬೇಕು. ಗಟ್ಟಿಗರು ಎನಿಸಿಕೊಳ್ಳಲು ಮತ್ತೆ ಕಣಕ್ಕಿಳಿದವರನ್ನು ಕಂಡು ನನಗೆ ಸಿಟ್ಟು ಬಂದದ್ದಿದೆ. ಕೈಗವಸಿನ ವಿಷಯವೂ ಹೀಗೇ. ಬೆರಳು ಆಯುಧದ ಹಿಡಿಗೂ ಎದುರಾಳಿಯ ಅಲಗಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಇವೆರಡನ್ನೂ ಬಲ್ಲವರಿಂದ ಮಾಡಿಸಿಕೊಳ್ಳಿ.

ಹಾಗಾದರೆ ಮೈಗೆ ಮೊದಲು ಏನು ಮಾಡಿಕೊಳ್ಳುವುದು? ಉತ್ತರ ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ಮಣ್ಣಿನಲ್ಲಿದೆ. 1361ರ ಜುಲೈನಲ್ಲಿ ಡೆನ್ಮಾರ್ಕಿನ ದೊರೆ ವಾಲ್ಡೆಮಾರನ ಸೇನೆ ವಿಸ್ಬಿ ಊರಿನ ಗೋಡೆಯ ಹೊರಗೆ ಅಲ್ಲಿನ ರೈತರ ದಂಡನ್ನು ಕೊಚ್ಚಿ ಹಾಕಿತು. ಸತ್ತವರಲ್ಲಿ ಹಲವರನ್ನು ತೊಟ್ಟ ಕವಚದ ಸಮೇತ ಹೂತರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಆ ಗುಂಡಿಗಳನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಕಾಲಿನ ಮೂಳೆಗಳ ಮೇಲೆ ಕಡಿದ ಗುರುತುಗಳು ರಾಶಿ ರಾಶಿ. ಜೊತೆಗೆ ಸುಮಾರು ಎರಡು ಡಜನ್ ಪಟ್ಟಿಗವಚಗಳು ಸಿಕ್ಕವು, ಇವು ಒಂದಕ್ಕಿಂತ ಒಂದು ಭಿನ್ನ. ಬಟ್ಟೆ ಅಥವಾ ಚರ್ಮದ ಅಂಗಿಯೊಂದರ ಒಳಮೈಗೆ ಸಣ್ಣ ದೊಡ್ಡ ಉಕ್ಕಿನ ಪಟ್ಟಿಗಳನ್ನು ರಿವೆಟ್ ಹೊಡೆದು ಮಾಡಿದ ಕವಚ ಇದು. ಹೊರಗೆ ಕಾಣುವುದು ಅಂಗಿ ಮತ್ತು ರಿವೆಟ್‌ಗಳ ಸಾಲು ಮಾತ್ರ. ಪಟ್ಟಿಗಳನ್ನು ತುಸು ಬಗ್ಗಿಸಿದರೆ ಸಾಕು, ಬಟ್ಟಲಿನಂತೆ ಬಡಿಯಬೇಕಿಲ್ಲ. ಅಳತೆ ತಪ್ಪಿದರೆ ಒಂದು ಪಟ್ಟಿ ಕಳಚಿ ಬೇರೆ ಹಾಕಬಹುದು. ಕಲಿಯುವವರಿಗೆ ಇದಕ್ಕಿಂತ ಉದಾರವಾದ ಕವಚವನ್ನು ನಾನು ಕಂಡಿಲ್ಲ.

ಆ ಯುವಕ ಹೊಳೆಯುವ ಎದೆಕವಚವನ್ನು ಸದ್ಯಕ್ಕೆ ಮೂಲೆಗಿಟ್ಟಿದ್ದಾನೆ. ಹೋದ ವಾರ ಎರಡನೇ ಮಾದರಿ ಅಂಗಿ ಹೊಲಿದು ತಂದಿದ್ದ. ಎರಡೂ ಕೈ ಮೇಲೆತ್ತಿದ, ಸೊಂಟದ ಅಂಚು ಒಂದು ಬೆರಳಷ್ಟು ಮೇಲೆ ಬಂತು. ಎಡ ಕಂಕುಳಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಕೊಟ್ಟಿದ್ದೇನೆ. ಮೂರನೆಯದು ಕದಲದೆ ನಿಂತರೆ, ಅದರ ಮೇಲೆಯೇ ಪಟ್ಟಿಗಳ ರಟ್ಟಿನ ನಮೂನೆ ಕತ್ತರಿಸಲು ಕೂರುತ್ತೇವೆ.