ಕ್ಲಚ್ ಒತ್ತಿದರೆ ನಿಲ್ಲುವ ಸದ್ದು

ರಾಗಿಕಲ್ಲು ಬೀಸಿದ ಹಾಗೆ ಗರಗರ ಸದ್ದು. ಸಿಗ್ನಲ್‌ನಲ್ಲಿ ಕಾರು ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಕಾಲು ಕ್ಲಚ್ ಮೇಲಿಲ್ಲ. ಹಸಿರು ದೀಪ ಬಂತು ಅಂತ ಕ್ಲಚ್ ಒತ್ತಿದರೆ ಸದ್ದು ಮಾಯ. ಬಿಟ್ಟರೆ ಮತ್ತೆ ಹಾಜರು. ನಮ್ಮ ಹಳೇ ಡೀಸೆಲ್ ಕಾರು ಹೋದ ವರ್ಷ ಈ ಆಟ ಶುರು ಮಾಡಿತು.

ಗ್ಯಾರೇಜಿಗೆ ಹೋದೆ. "ಕ್ಲಚ್ ಹೋಗಿದೆ ಸಾರ್, ಸೆಟ್ ಬದಲಾಯಿಸಿಬಿಡೋಣ" ಅಂದರು. ಸೆಟ್ ಅಂದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ. (ಬೇರಿಂಗ್ ಅಂದರೆ ಸುತ್ತುವ ಭಾಗ ಸಲೀಸಾಗಿ ತಿರುಗಲಿ ಅಂತ ಹಾಕುವ, ಒಂದರೊಳಗೊಂದು ಕೂತ ಲೋಹದ ಬಳೆಗಳು.) ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತೆ, ಹಾಗಾದರೆ ಕ್ಲಚ್ಚಿನದೇ ತೊಂದರೆ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಾನೂ ತಲೆಯಾಡಿಸಿ ಬಂದೆ. ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಚಿತ್ರ ಬರೆದಾಗ ಗೊತ್ತಾಯಿತು, ಲೆಕ್ಕ ಉಲ್ಟಾ ಆಗಿದೆ.

ಎಂಜಿನ್ ಸುತ್ತಿಸುವ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟ್, ಅದರ ತುದಿಗೆ ಒಂದು ಭಾರವಾದ ಲೋಹದ ಚಕ್ರ ಬಿಗಿದಿರುತ್ತಾರೆ. ಅದು ಫ್ಲೈವೀಲ್. ಅದರ ಮುಖಕ್ಕೆ ಕ್ಲಚ್ ಪ್ಲೇಟನ್ನು ಪ್ರೆಷರ್ ಪ್ಲೇಟ್ ಅದುಮಿ ಹಿಡಿದಿರುತ್ತದೆ. ಕ್ಲಚ್ ಪ್ಲೇಟಿನ ನಡುವೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್, ಅಂದರೆ ಸುತ್ತನ್ನು ಗೇರ್ ಬಾಕ್ಸಿನೊಳಗೆ ಒಯ್ಯುವ ದಂಡ, ಕೂತಿರುತ್ತದೆ. ಕಾಲು ತೆಗೆದಿರುವಾಗ ಇವೆಲ್ಲ ಒಟ್ಟಿಗೆ ಸುತ್ತುತ್ತವೆ. ಗೇರು ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಕಾರು ನಿಂತಿದೆ ಅಂತ ಗೇರ್ ಬಾಕ್ಸ್ ಸುಮ್ನೆ ಇರುವುದಿಲ್ಲ. ಇನ್‌ಪುಟ್ ಶಾಫ್ಟ್, ಅದಕ್ಕೆ ಹಲ್ಲು ಕೊಟ್ಟ ಗೇರುಗಳು, ಅವುಗಳ ಬೇರಿಂಗುಗಳು ಎಲ್ಲ ಸುತ್ತುತ್ತಲೇ ಇರುತ್ತವೆ.

ಈಗ ಪೆಡಲ್ ಒತ್ತಿ. ರಿಲೀಸ್ ಬೇರಿಂಗ್ ಮುಂದೆ ಬಂದು, ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತುತ್ತದೆ. ಹಿಡಿತ ತಪ್ಪಿದ ಕ್ಲಚ್ ಪ್ಲೇಟ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಅದರ ಜೊತೆ ಇನ್‌ಪುಟ್ ಶಾಫ್ಟೂ, ಗೇರುಗಳೂ. ಅಂದರೆ ಕ್ಲಚ್ ಪೆಡಲ್ ಒಂದು ಸ್ವಿಚ್ ಇದ್ದ ಹಾಗೆ. ಅದು ಗೇರ್ ಬಾಕ್ಸನ್ನು ಮಲಗಿಸಿ, ರಿಲೀಸ್ ಬೇರಿಂಗನ್ನು ಕೆಲಸಕ್ಕೆ ಎಬ್ಬಿಸುತ್ತದೆ. ನನ್ನ ಕಾರಿನಲ್ಲಿ ಒತ್ತಿದಾಗ ಸದ್ದು ನಿಂತಿತು. ಹಾಗಾದರೆ ಸದ್ದು ಮಾಡುತ್ತಿದ್ದದ್ದು ಆಗ ನಿಂತವರಲ್ಲೇ ಒಬ್ಬರು! ಮೊದಲ ಅನುಮಾನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ.

ಇದರ ಉಲ್ಟಾ ಕೂಡ ಇದೆ. ಪೆಡಲ್ ಮುಟ್ಟುವವರೆಗೆ ಎಲ್ಲ ಮೌನ, ಒತ್ತಿದ ತಕ್ಷಣ ಕಿರ್ರೆನ್ನುವ ಸದ್ದು. ಆಗ ರಿಲೀಸ್ ಬೇರಿಂಗನ್ನೇ ಹಿಡಿಯಬೇಕು. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿಗೆ ಇದು ಬೇಗ ಬರುತ್ತದೆ. ಸಿಗ್ನಲ್‌ನಲ್ಲಿ ಗೇರು ಹಾಕಿಟ್ಟು ಕ್ಲಚ್ ಒತ್ತಿಕೊಂಡು ಕಾಯುವವರಿಗೂ ಅಷ್ಟೇ. (ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ಹೆಸರು ಹೇಳೋದು ಬೇಡ.)

ಎಂಜಿನ್ನಿನ ಶಕ್ತಿ ಹಿಂಚಕ್ರಕ್ಕೆ ಹೋಗುವ ಕೆಲವು ಗಾಡಿಗಳಲ್ಲಿ, ಜೀಪಿನಂಥವುಗಳಲ್ಲಿ, ಇನ್ನೊಂದು ಚಿಕ್ಕ ಬೇರಿಂಗ್ ಇರುತ್ತದೆ. ಅದರ ಹೆಸರು ಪೈಲಟ್ ಬೇರಿಂಗ್. ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಕೂರುವ ಜಾಗದಲ್ಲಿ ಅದಿರುತ್ತದೆ. ಬೇರಿಂಗ್ ಸದ್ದು ಮಾಡಬೇಕಾದರೆ ಅದರ ಒಳಬಳೆಗೂ ಹೊರಬಳೆಗೂ ವೇಗದಲ್ಲಿ ವ್ಯತ್ಯಾಸ ಇರಬೇಕು. ಕಾಲು ತೆಗೆದಿರುವಾಗ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ, ಆದ್ದರಿಂದ ಹಾಳಾದ ಪೈಲಟ್ ಬೇರಿಂಗೂ ಬಾಯಿ ಬಿಡುವುದಿಲ್ಲ. ಪೆಡಲ್ ಪೂರ್ತಿ ಒತ್ತಿ, ಶಾಫ್ಟ್ ನಿಂತ ಮೇಲಷ್ಟೇ ಅದರ ದನಿ. ರಿಲೀಸ್ ಬೇರಿಂಗಾದರೆ ಪೆಡಲ್ ಅರ್ಧ ಇಳಿಯುವ ಮೊದಲೇ ಕೂಗುತ್ತದೆ. ಕಿವಿಗೆ ಎರಡೂ ಒಂದೇ ಥರ ಅನ್ನಿಸಿದರೂ, ಶುರುವಾಗುವ ಹೊತ್ತು ಬೇರೆ.

ನ್ಯೂಟ್ರಲ್‌ನಲ್ಲಿ ಬರುವ ಎಲ್ಲ ಸದ್ದೂ ರೋಗವಲ್ಲ. ಎಂಜಿನ್ ಒಂದೇ ಸಮ ಸುತ್ತುತ್ತದೆ ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ತಳ್ಳಿ ತಳ್ಳಿ ಸುತ್ತುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ ಸುಮಾರು 27 ಸಲ ಸಿಲಿಂಡರಿನಲ್ಲಿ ಇಂಧನ ಉರಿದು ಕ್ರ್ಯಾಂಕನ್ನು ತಳ್ಳುತ್ತದೆ. ಪ್ರತಿ ತಳ್ಳಿಗೂ ಚೂರು ವೇಗ, ನಡುವೆ ಚೂರು ನಿಧಾನ. ಗೇರು ಹಲ್ಲುಗಳ ಮಧ್ಯೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಬಿಸಿಯಾದಾಗ ಕಚ್ಚಿಕೊಳ್ಳುತ್ತವೆ. ಆ ಸಂದಿನಲ್ಲಿ ಹಲ್ಲಿಗೆ ಹಲ್ಲು ಬಡಿದು ಟಕಟಕ ಅನ್ನುತ್ತದೆ. ಎಣ್ಣೆ ಬಿಸಿಯಾಗಿ ತೆಳುವಾದಾಗ ಜಾಸ್ತಿ. ಎಕ್ಸಲರೇಟರ್ ಚೂರು ಒತ್ತಿದರೆ ಕಡಿಮೆಯಾಗುತ್ತದೆ. ಬೇರಿಂಗಿನ ಗರಗರ ಹಾಗಲ್ಲ, ಎಂಜಿನ್ ಜೋರಾದಷ್ಟೂ ಅದರ ಶ್ರುತಿ ಏರುತ್ತದೆ.

ಈ ತಳ್ಳಾಟವನ್ನು ತಗ್ಗಿಸುವುದೇ ಫ್ಲೈವೀಲಿನ ಕೆಲಸ. ಕುಂಬಾರ ಕೋಲಿನಿಂದ ತಿಗರಿಯನ್ನು ಒಮ್ಮೆ ತಿರುಗಿಸಿ ಬಿಟ್ಟರೆ, ಅದರ ಭಾರವೇ ಅದನ್ನು ಸುತ್ತಿಸುತ್ತಿರುತ್ತದೆ. ಇಲ್ಲೂ ಹಾಗೇ. ಆದರೆ ಡೀಸೆಲ್ ಎಂಜಿನ್ನಿನ ಹೊಡೆತ ಜೋರು, ಬರೀ ಭಾರ ಸಾಲದು. ಅದಕ್ಕೇ ಬಂದದ್ದು ಎರಡು ತಟ್ಟೆಯ ಫ್ಲೈವೀಲ್, ಗ್ಯಾರೇಜಿನ ಮಾತಿನಲ್ಲಿ ಡ್ಯುಯಲ್ ಮಾಸ್. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದರ ತಯಾರಿಕೆ ಶುರು ಮಾಡಿತು. ಒಂದು ತಟ್ಟೆ ಎಂಜಿನ್ನಿಗೆ, ಇನ್ನೊಂದು ಕ್ಲಚ್ಚಿಗೆ. ನಡುವೆ ಗ್ರೀಸಿನಲ್ಲಿ ಮುಳುಗಿದ ಉದ್ದನೆಯ ಬಾಗಿದ ಸ್ಪ್ರಿಂಗುಗಳು. ಹೊಡೆತವನ್ನು ಸ್ಪ್ರಿಂಗ್ ನುಂಗಿಕೊಳ್ಳುತ್ತದೆ.

ಇಲ್ಲೊಂದು ಸೊಗಸಾದ ವಿಷಯವಿದೆ. ಹಳೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತು. ಬಸ್ಸು ಒಂದು ಹದದ ವೇಗದಲ್ಲಿದ್ದಾಗ ಕಿಟಕಿ ಗಾಜು ಒಡೆದೇ ಹೋಗುವಂತೆ ನಡುಗುತ್ತದೆ, ವೇಗ ಹೆಚ್ಚಾದ ಮೇಲೆ ತೆಪ್ಪಗಾಗುತ್ತದೆ. ಪ್ರತಿ ವಸ್ತುವಿಗೂ ಅದಕ್ಕೆ ಒಗ್ಗುವ ಒಂದು ಕಂಪನ ಇರುತ್ತದೆ. ತಳ್ಳು ಅದೇ ತಾಳದಲ್ಲಿ ಬಿದ್ದರೆ ಕುಣಿತ. ಎರಡು ತಟ್ಟೆಯ ಫ್ಲೈವೀಲಿನಲ್ಲಿ ಈ ಕುಣಿತದ ವೇಗವನ್ನು ಬೇಕಂತಲೇ ಐಡ್ಲಿಂಗ್‌ಗಿಂತ, ಅಂದರೆ ಎಕ್ಸಲರೇಟರ್ ಒತ್ತದೆ ಎಂಜಿನ್ ಸುತ್ತುವ ವೇಗಕ್ಕಿಂತ, ಕೆಳಗೆ ಇಟ್ಟಿರುತ್ತಾರೆ. ಓಡಿಸುವಾಗ ಆ ವೇಗ ಬರುವುದೇ ಇಲ್ಲ. ಬರುವುದು ದಿನಕ್ಕೆ ಕೆಲವೇ ಸಲ, ಕೀ ತಿರುಗಿಸಿ ಸ್ಟಾರ್ಟ್ ಮಾಡುವಾಗ ಮತ್ತು ಆಫ್ ಮಾಡುವಾಗ. ಸ್ಪ್ರಿಂಗ್ ಸೋತಿದ್ದರೆ ಆ ಅರೆಕ್ಷಣದಲ್ಲೇ ಎರಡು ತಟ್ಟೆಗಳು ಗಡಗಡ ಬಡಿದುಕೊಳ್ಳುತ್ತವೆ. ಹಾಗಾಗಿ ಎಂಜಿನ್ ಆಫ್ ಮಾಡುವಾಗ ರೇಡಿಯೋ ನಿಲ್ಲಿಸಿ ಕಿವಿಗೊಡಿ. ಈ ಭಾಗ ದುಬಾರಿ, ಆದ್ದರಿಂದ ಸುಮ್ನೆ ಅನುಮಾನದ ಮೇಲೆ ಬದಲಾಯಿಸಬೇಡಿ.

ಬಾನೆಟ್ ಎತ್ತಿ ಸದ್ದು ಎಲ್ಲಿಂದ ಅಂತ ಹುಡುಕುವುದು ನನಗೆ ಅಷ್ಟೇನೂ ನಂಬಿಕೆಯ ದಾರಿ ಅನ್ನಿಸುವುದಿಲ್ಲ. ಲೋಹದಲ್ಲಿ ಸದ್ದು ಸಲೀಸಾಗಿ ಹರಿಯುತ್ತದೆ. ಹಿಂದಿನ ಬೇರಿಂಗ್ ಮುಂದೆ ಕೇಳಿಸುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಗೇರ್ ಬಾಕ್ಸಿಗೆ ಮುಟ್ಟಿಸಿ ಕೇಳುವ ಮೆಕ್ಯಾನಿಕ್‌ಗಳಿದ್ದಾರೆ. ಅದಕ್ಕೆ ಪಳಗಿದ ಕಿವಿ ಬೇಕು. ಪೆಡಲ್ ಪರೀಕ್ಷೆಗೆ ಬೇಕಿರುವುದು ಬಯಲು ಜಾಗ, ಎಳೆದ ಹ್ಯಾಂಡ್‌ಬ್ರೇಕು, ಐದು ನಿಮಿಷ.

ನಾನು ಇದನ್ನೆಲ್ಲ ಮಾಡಿ ಬೇರೆ ಗ್ಯಾರೇಜಿಗೆ ಹೋದೆ. ಗೇರ್ ಬಾಕ್ಸ್ ಇಳಿಸಿದರು. ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಮೆಕ್ಯಾನಿಕ್ ನನ್ನ ಅಂಗೈ ಮೇಲಿಟ್ಟರು. ಬೆರಳಿನಿಂದ ತಿರುಗಿಸಿದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ತಡೆತಡೆದು ಸುತ್ತುತ್ತಿತ್ತು. ಕ್ಲಚ್ ಪ್ಲೇಟಿನ ಲೈನಿಂಗ್ (ಸವೆಯುವ ಪದರ) ಇನ್ನೂ ದಪ್ಪಗಿತ್ತು, ಅದನ್ನೇ ಮತ್ತೆ ಹಾಕಿಸಿದೆ. ರಿಲೀಸ್ ಬೇರಿಂಗ್ ಮಾತ್ರ ಚೆನ್ನಾಗಿದ್ದರೂ ಹೊಸದು ಹಾಕಿಸಿದೆ. ನಾಳೆ ಅದೊಂದಕ್ಕಾಗಿ ಮತ್ತೆ ಗೇರ್ ಬಾಕ್ಸ್ ಇಳಿಸುವ ಕೂಲಿ ಯಾರು ಕೊಡುತ್ತಾರೆ?