ಮಕ್ಕಳೇ ಮಕ್ಕಳನ್ನು ಕೇಳಿ ಶಾಲೆಯನ್ನು ಅರ್ಥ ಮಾಡಿಕೊಳ್ಳುವುದು: ಅಧ್ಯಯನ ಟಿಪ್ಪಣಿ

ಮೊದಲು ಒಂದು ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿ. ಮಕ್ಕಳ ಅಭಿಪ್ರಾಯ ಕೇಳುವುದು ಬೇರೆ, ಮಕ್ಕಳೇ ಮಕ್ಕಳನ್ನು ಕೇಳುವುದು ಬೇರೆ. ಮೊದಲನೆಯದರಲ್ಲಿ ಪ್ರಶ್ನೆ ದೊಡ್ಡವರದ್ದು, ಉತ್ತರ ಮಾತ್ರ ಮಕ್ಕಳದ್ದು. ಎರಡನೆಯದರಲ್ಲಿ ಏನು ಕೇಳಬೇಕು, ಯಾರನ್ನು ಕೇಳಬೇಕು, ಬಂದ ಮಾತಿಗೆ ಏನು ಅರ್ಥ ಅನ್ನುವುದನ್ನೂ ವಿದ್ಯಾರ್ಥಿಗಳೇ ಕೂತು ತೀರ್ಮಾನಿಸುತ್ತಾರೆ. ಓದುವಾಗ ನಾವು ಇವೆರಡನ್ನೂ 'ವಿದ್ಯಾರ್ಥಿ ದನಿ' ಅಂತ ಒಂದೇ ತಲೆಬರಹದ ಕೆಳಗೆ ಹಾಕಿಬಿಡುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಬ್ರಿಟನ್ನಿನ ಶಿಕ್ಷಣ ಸಂಶೋಧಕ ಮೈಕೆಲ್ ಫೀಲ್ಡಿಂಗ್. 2001ರಲ್ಲಿ ಅವರು ವಿದ್ಯಾರ್ಥಿಯ ಪಾತ್ರದಲ್ಲಿ ನಾಲ್ಕು ಹಂತ ಗುರುತಿಸಿದರು. ವಿದ್ಯಾರ್ಥಿ ಬರೀ ಮಾಹಿತಿಯ ಮೂಲ (ಅಂಕ, ಹಾಜರಾತಿ ನೋಡಿ ನಾವೇ ತೀರ್ಮಾನಕ್ಕೆ ಬರುವುದು), ಕೇಳಿದ್ದಕ್ಕೆ ಮನಸ್ಸಿಟ್ಟು ಉತ್ತರಿಸುವವರು, ದೊಡ್ಡವರ ಜೊತೆ ಸೇರಿ ಸಂಶೋಧನೆ ಮಾಡುವವರು, ಕೊನೆಗೆ ತಾವೇ ಸಂಶೋಧಕರು. ನಮ್ಮ ವಿಷಯ ಇರುವುದು ಮೂರು ಮತ್ತು ನಾಲ್ಕನೇ ಹಂತದಲ್ಲಿ. ಎಷ್ಟೋ ಶಾಲೆಗಳು ವರ್ಷಕ್ಕೊಮ್ಮೆ ಫಾರ್ಮ್ ತುಂಬಿಸಿ ನಾಲ್ಕನೇ ಹಂತದ ಹೆಸರು ಹೇಳಿಕೊಳ್ಳುತ್ತವೆ. ಅದು ಎರಡನೇ ಹಂತ, ಅಷ್ಟೇ.

ಕೇಳುವವರು ಬದಲಾದರೆ ಉತ್ತರ ಯಾಕೆ ಬದಲಾಗುತ್ತದೆ? ಅಂಕ ಕೊಡುವ ಕೈಯೇ ಪ್ರಶ್ನೆ ಕೇಳಿದಾಗ ಯಾರೂ ಪೂರ್ತಿ ಮನಸ್ಸು ಬಿಚ್ಚುವುದಿಲ್ಲ. "ಪಾಠ ಅರ್ಥ ಆಯ್ತಾ?" ಅಂದರೆ ಇಡೀ ತರಗತಿ "ಆಯ್ತು" ಅನ್ನುತ್ತದೆ, ಅಲ್ವಾ? ಕೇಳುವವರಿಗೆ ಇಷ್ಟವಾಗುವ ಉತ್ತರ ಕೊಡುವ ಈ ಒಲವು ದೊಡ್ಡವರಲ್ಲೂ ಇದೆ. ಯಾವ ಸಂದರ್ಶನಕ್ಕೂ ಇದು ತಪ್ಪಿದ್ದಲ್ಲ. ಅದೇ ತರಗತಿಯ ಅಥವಾ ಒಂದೆರಡು ವರ್ಷ ಮುಂದಿರುವ ವಿದ್ಯಾರ್ಥಿ ಕೇಳಿದಾಗ ಆ ಭಯ ಸ್ವಲ್ಪ ಇಳಿಯುತ್ತದೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೇಳುವವರೂ ಅದೇ ಬೆಂಚಿನಲ್ಲಿ ಕೂತವರಾದ್ದರಿಂದ ಮುಂದಿನ ಪ್ರಶ್ನೆ ಎಲ್ಲಿ ಹಾಕಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಒಂದು ಕಾಲ್ಪನಿಕ ಮಾತುಕತೆ ನೋಡಿ. ಒಂಬತ್ತನೇ ತರಗತಿಯ ಹುಡುಗಿ ಏಳನೇ ತರಗತಿಯ ಹುಡುಗನನ್ನು ಕೇಳುತ್ತಿದ್ದಾಳೆ.

"ಈ ವಾರ ಯಾವುದಾದ್ರೂ ಕ್ಲಾಸಲ್ಲಿ ತಲೆಗೆ ಹೋಗಲಿಲ್ಲ ಅನ್ನಿಸ್ತಾ?"
"ಹೂಂ ಅಕ್ಕ, ಗಣಿತದಲ್ಲಿ."
"ಆಗ ಏನ್ ಮಾಡಿದೆ?"
"ಸುಮ್ನೆ ಬೋರ್ಡ್ ನೋಡಿ ಬರ್ಕೊಂಡೆ."
"ಪಕ್ಕದವರನ್ನ ಕೇಳಿದ್ಯಾ?"
"ಕೇಳಿದ್ರೆ ಮಾತಾಡ್ತಿದೀವಿ ಅಂತ ನಿಲ್ಲಿಸ್ತಾರೆ."

ಇಲ್ಲಿ ನಿಜವಾದ ಮಾಹಿತಿ ಬಂದದ್ದು ಕೊನೆಯ ಸಾಲಿನಲ್ಲಿ. ಗಣಿತ ಕಷ್ಟ ಅನ್ನುವುದು ಹೊಸದೇನಲ್ಲ. ಆದರೆ ಮಾತಾಡಬಾರದು ಅನ್ನುವ ನಿಯಮ ಕಲಿಕೆಯ ಒಂದು ದಾರಿಯನ್ನೇ ಮುಚ್ಚಿದೆ ಅನ್ನುವುದು ಯಾವ ಅಂಕಪಟ್ಟಿಯಲ್ಲೂ ಕಾಣಿಸುವುದಿಲ್ಲ. ಆಕೆ ಎಲ್ಲೂ "ಯಾಕೆ" ಅಂತ ಕೇಳಿಲ್ಲ ಅನ್ನುವುದನ್ನೂ ಗಮನಿಸಿ. "ಯಾಕೆ ಕೇಳಲಿಲ್ಲ" ಅಂದರೆ ಬೈದ ಹಾಗೆ ಕೇಳಿಸುತ್ತದೆ, ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. "ಆಗ ಏನ್ ಮಾಡಿದೆ", "ಆಮೇಲೆ ಏನಾಯ್ತು" ಅಂದರೆ ನಡೆದದ್ದು ಹೊರಗೆ ಬರುತ್ತದೆ. ಪ್ರಶ್ನೆ ತಯಾರಿಸುವಾಗ ಇದೇ ನಿಯಮ: ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ಶಾಲೆ ಇಷ್ಟಾನಾ?" ಅಂದರೆ ಒಂದು ಪದದ ಉತ್ತರ ಬರುತ್ತದೆ. "ಹೋದ ವಾರ ಶಾಲೆಗೆ ಬರೋಕೆ ಬೇಜಾರಾದ ದಿನ ಯಾವುದು, ಅವತ್ತು ಏನಿತ್ತು?" ಅಂದರೆ ಕತೆಯೇ ಬರುತ್ತದೆ.

ಹಿನ್ನೆಲೆಯನ್ನು ಬೇಗ ನೋಡಿಬಿಡೋಣ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದಕ್ಕೆ ಆಧಾರ. ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ ಅದು. ಮಕ್ಕಳ ಭಾಗವಹಿಸುವಿಕೆಯ ಬಗ್ಗೆ ಕೆಲಸ ಮಾಡಿದ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲನ್ನು (ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸುವುದು) ಅವರು ಭಾಗವಹಿಸುವಿಕೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದಕ್ಕೂ ಹಿಂದೆ ಪೋಲೆಂಡಿನ ವಾರ್ಸಾದಲ್ಲಿ ವೈದ್ಯ, ಲೇಖಕ ಯಾನುಷ್ ಕೊರ್ಚಾಕ್ ತಮ್ಮ ಅನಾಥಾಲಯದಲ್ಲಿ ಮಕ್ಕಳದ್ದೇ ನ್ಯಾಯಾಲಯ ನಡೆಸಿದ್ದರು. 1926ರಲ್ಲಿ ಮಕ್ಕಳೇ ಬರೆಯುವ ವಾರದ ಪತ್ರಿಕೆಯನ್ನೂ ಶುರು ಮಾಡಿದರು. ಅಂದರೆ ಈ ಯೋಚನೆ ನಿನ್ನೆ ಮೊನ್ನೆಯದಲ್ಲ.

ಈಗ ಕೆಲಸಕ್ಕೆ ಬರೋಣ. ಯಾರು ಕೇಳಬೇಕು ಅನ್ನುವ ಆಯ್ಕೆಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗಿಬಿಡುತ್ತದೆ. ಶಿಕ್ಷಕರಿಗೆ ಆರಿಸಲು ಬಿಟ್ಟರೆ ಚೆನ್ನಾಗಿ ಓದುವ, ಚೆನ್ನಾಗಿ ಮಾತಾಡುವ ಅದೇ ನಾಲ್ಕು ಮುಖಗಳು ಮುಂದೆ ಬರುತ್ತವೆ. ಹಿಂದಿನ ಬೆಂಚಿನವರು ಅವರ ಹತ್ತಿರ ಏನು ಹೇಳಿಯಾರು? ಹಾಗಾಗಿ ಕೇಳುವ ಮಕ್ಕಳ ತಂಡದಲ್ಲಿ ಕಡಿಮೆ ಅಂಕದವರು, ತಡವಾಗಿ ಸೇರಿದವರು, ಮನೆಯಲ್ಲಿ ಬೇರೆ ಭಾಷೆ ಆಡುವವರು, ಜಾಸ್ತಿ ಮಾತಾಡದವರು ಇರಲೇಬೇಕು. ಗೆಳೆಯರೇ ಗೆಳೆಯರನ್ನು ಕೇಳುವುದೂ ಬೇಡ. ಮಕ್ಕಳ ನಡುವೆಯೂ ಮೇಲು ಕೀಳು ಇದೆ, ಗುಂಪುಗಾರಿಕೆ ಇದೆ. ದೊಡ್ಡವರು ಪಕ್ಕಕ್ಕೆ ಸರಿದರೆ ಅಧಿಕಾರವೇ ಇಲ್ಲದ ಜಾಗ ಸಿಕ್ಕಿಬಿಡುತ್ತದೆ ಅಂದುಕೊಳ್ಳುವುದು ತಪ್ಪು.

ಇಬ್ಬರು ಜೊತೆಯಾಗಿ ಹೋಗಲಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಬರೆಯುವಾಗ ಹೇಳಿದ ಮಾತು ಹೇಳಿದ ಹಾಗೇ ಇರಬೇಕು, ತಿದ್ದಿ ಚಂದ ಮಾಡಬಾರದು. ಹೆಸರು ಬರೆಯುವುದು ಬೇಡ. ಉತ್ತರ ತಕ್ಷಣ ಬರದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಬೇಕು. ಹೊಸಬರು ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಕೊಟ್ಟುಬಿಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. "ಯಾರಿಗೂ ಹೇಳಲ್ಲ" ಅಂತ ಪೂರ್ತಿ ಭರವಸೆ ಕೊಡಬಾರದು. ಮಾತಿನ ನಡುವೆ ಹೊಡೆತ, ಕಿರುಕುಳ, ತನಗೆ ತಾನೇ ನೋವು ಮಾಡಿಕೊಳ್ಳುವ ಸಂಗತಿ ಬಂದರೆ ಅದನ್ನು ನಂಬಿಕೆಯ ದೊಡ್ಡವರಿಗೆ ತಿಳಿಸಲೇಬೇಕು. ಯಾರಿಗೆ ತಿಳಿಸುತ್ತೇವೆ ಅನ್ನುವುದನ್ನು ಕೂತ ತಕ್ಷಣವೇ, ಮೊದಲ ಪ್ರಶ್ನೆಗೂ ಮುಂಚೆ ಹೇಳಬೇಕು. ಹದಿನಾಲ್ಕು ವರ್ಷದ ಮಗುವಿನ ಮೇಲೆ ಅಂಥ ಗುಟ್ಟಿನ ಭಾರ ಹೊರಿಸುವ ಹಕ್ಕು ಯಾರಿಗೂ ಇಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಇದರ ನಂತರದ್ದು, ಬಂದ ಮಾತುಗಳನ್ನು ವಿಂಗಡಿಸುವುದು. ತಂಡದ ಮಕ್ಕಳು ಒಂದೊಂದು ಮಾತನ್ನು ಒಂದೊಂದು ಚೀಟಿಗೆ ಬರೆದು ನೆಲದ ಮೇಲೆ ಹರಡಿ, ಒಂದೇ ಥರದ್ದು ಅನ್ನಿಸಿದ್ದನ್ನು ಒಟ್ಟಿಗೆ ಇಡುತ್ತಾ ಹೋಗುತ್ತಾರೆ. ಒಂದು ಚೀಟಿಯಲ್ಲಿ "ಗುರುವಾರ ತಲೆನೋವು ಬರುತ್ತೆ" ಅಂತ ಇದೆ ಅಂದುಕೊಳ್ಳಿ. ದೊಡ್ಡವರಾದರೆ ಅದನ್ನು ಆರೋಗ್ಯದ ಗುಂಪಿಗೆ ಹಾಕುತ್ತಾರೆ. ಆ ಶಾಲೆಯ ವಿದ್ಯಾರ್ಥಿನಿ ಅದನ್ನು ಎತ್ತಿ "ಎದ್ದು ನಿಂತು ಓದಬೇಕು", "ತಪ್ಪಾದ್ರೆ ನಗ್ತಾರೆ" ಅನ್ನುವ ಚೀಟಿಗಳ ಪಕ್ಕ ಇಡಬಹುದು, ಯಾಕೆಂದರೆ ಗುರುವಾರ ಗಟ್ಟಿಯಾಗಿ ಓದಿಸುವ ಪೀರಿಯಡ್ ಇದೆ ಅಂತ ಅವಳಿಗೆ ಗೊತ್ತು. ಅವಳ ಊಹೆಯೂ ತಪ್ಪಿರಬಹುದು. ಅದಕ್ಕೇ ಚೀಟಿಗಳನ್ನು ಹೀಗೆ ಇಟ್ಟಿದ್ದೇವೆ, ಸರಿಯಾ ಅಂತ ಇನ್ನೊಂದಷ್ಟು ಮಕ್ಕಳಿಗೆ ತೋರಿಸಿ ಕೇಳಬೇಕು. ವಿಂಗಡಣೆಯನ್ನು ದೊಡ್ಡವರೇ ಮಾಡಿಬಿಟ್ಟರೆ ಇಷ್ಟೆಲ್ಲಾ ಮಾಡಿದ್ದು ಮತ್ತೆ ಫೀಲ್ಡಿಂಗ್ ಹೇಳಿದ ಎರಡನೇ ಹಂತಕ್ಕೇ ಇಳಿಯುತ್ತದೆ.

ಲೆಕ್ಕದ ಬಗ್ಗೆ ಎಚ್ಚರ. ಕೆಲವರ ಜೊತೆ ಆಡಿದ ಮಾತಿನಿಂದ "ಶೇಕಡಾ ಇಷ್ಟು ಮಕ್ಕಳಿಗೆ ಭಯ" ಅಂತ ಬರೆಯಬಾರದು. ಮಾತುಕತೆ ಹೇಳುವುದು ಏನಾಗುತ್ತಿದೆ, ಹೇಗಾಗುತ್ತಿದೆ ಅಂತ. ಎಷ್ಟು ಜನಕ್ಕೆ ಅಂತ ತಿಳಿಯಬೇಕಾದರೆ ಆಮೇಲೆ ಒಂದು ಚಿಕ್ಕ ಸಮೀಕ್ಷೆ ಮಾಡಿ. ಮಾತುಕತೆಯಲ್ಲಿ ಬಂದ ಮಾತುಗಳಿಂದಲೇ ಅದರ ಪ್ರಶ್ನೆಗಳನ್ನು ಮಾಡಿದರೆ ಇನ್ನೂ ಒಳ್ಳೆಯದು.

ಮಕ್ಕಳ ಹಕ್ಕುಗಳ ವಿದ್ವಾಂಸೆ ಲಾರಾ ಲಂಡಿ 2007ರಲ್ಲಿ ಆ 12ನೇ ವಿಧಿಯನ್ನು ನಾಲ್ಕು ಭಾಗವಾಗಿ ಬಿಡಿಸಿದರು: ಮಾತಾಡಲು ಜಾಗ, ಮಾತಾಡಲು ನೆರವು, ಕೇಳಿಸಿಕೊಳ್ಳುವವರು, ಆ ಮಾತಿಗೆ ಪರಿಣಾಮ. ಮೊದಲೆರಡನ್ನು ಹೇಗೋ ಮಾಡಬಹುದು. ಹೆಚ್ಚಿನ ಕಡೆ ಕೈಕೊಡುವುದು ಕೊನೆಯ ಎರಡು. ಮಕ್ಕಳು ಚೆಂದದ ವರದಿ ಓದುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಮುಂದಿನ ಸಲ ಕೇಳಿದರೆ ಅವರು ಬಾಯಿ ಬಿಡುವುದಿಲ್ಲ. ಕೇಳದೇ ಇದ್ದದ್ದಕ್ಕಿಂತ ಇದು ಕೆಟ್ಟದ್ದು ಅಂತ ನಾನು ನಂಬುತ್ತೇನೆ. ಅದಕ್ಕೆ ಶುರು ಮಾಡುವ ಮೊದಲೇ ಶಾಲೆಯ ಕಡೆಯಿಂದ ಒಂದು ಒಪ್ಪಿಗೆ ಬೇಕು: ಪ್ರತಿ ಸಲಹೆಗೂ ಇಂಥ ದಿನದೊಳಗೆ ಉತ್ತರ ಬರುತ್ತದೆ, ಆಗುತ್ತದೆ ಅಥವಾ ಆಗುವುದಿಲ್ಲ, ಆಗದಿದ್ದರೆ ಕಾರಣ ಇದು. ಕಾರಣ ಸರಿಯಾಗಿ ಹೇಳಿದರೆ 'ಆಗುವುದಿಲ್ಲ' ಅನ್ನುವ ಉತ್ತರವನ್ನೂ ಮಕ್ಕಳು ಒಪ್ಪುತ್ತಾರೆ.

ಶಿಕ್ಷಕರ ಕಡೆಯಿಂದಲೂ ಯೋಚಿಸಬೇಕು. ಇದು ತಮ್ಮ ಮೇಲಿನ ದೂರುಪಟ್ಟಿ ಅನ್ನಿಸಿದರೆ ಯಾವ ಶಿಕ್ಷಕರೂ ಮನಸ್ಸು ತೆರೆಯುವುದಿಲ್ಲ, ಅದು ಸಹಜ. ವರದಿಯಲ್ಲಿ ಯಾವ ಶಿಕ್ಷಕರ ಹೆಸರೂ ಬರಬಾರದು, ಬಡ್ತಿಗೋ ಮೌಲ್ಯಮಾಪನಕ್ಕೋ ಅದನ್ನು ಬಳಸಬಾರದು. ಗುರುವಾರದ ಓದಿನ ವಿಷಯವನ್ನೇ ತೆಗೆದುಕೊಂಡರೆ, ಮೊದಲು ಇಬ್ಬಿಬ್ಬರು ಪರಸ್ಪರ ಓದಿಕೊಂಡು ಆಮೇಲೆ ಇಷ್ಟವಿದ್ದವರು ಎದ್ದು ಓದಲಿ ಅಂತ ಶಿಕ್ಷಕರು ಒಂದು ತಿಂಗಳು ಮಾಡಿ ನೋಡಬಹುದು. ತಿಂಗಳಾದ ಮೇಲೆ ಅದೇ ತಂಡ ಅದೇ ಪ್ರಶ್ನೆಗಳನ್ನು ಹಿಡಿದು ಮತ್ತೆ ಮಕ್ಕಳ ಹತ್ತಿರ ಹೋಗಬೇಕು.

ಇದರಿಂದ ಅಂಕ ಏರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಡಾನಾ ಮಿತ್ರಾ 2004ರ ತಮ್ಮ ಅಧ್ಯಯನದಲ್ಲಿ ಹೇಳಿದ್ದು ಬೇರೆ ಥರದ ಬೆಳವಣಿಗೆ: ನಾನು ಏನಾದರೂ ಬದಲಿಸಬಲ್ಲೆ ಅನ್ನುವ ಭಾವ, ಈ ಶಾಲೆ ನನ್ನದು ಅನ್ನುವ ಭಾವ, ಕೆಲಸ ಮಾಡುವ ಸಾಮರ್ಥ್ಯ. ಇದು ಮುಖ್ಯವಾಗಿ ತಂಡದಲ್ಲಿ ಕೆಲಸ ಮಾಡಿದ ಮಕ್ಕಳ ಬಗ್ಗೆ ಬಂದ ಮಾತು. ಹಾಗಾಗಿ ತಂಡವನ್ನು ಪ್ರತಿ ವರ್ಷ ಬದಲಿಸುವುದು ಒಳ್ಳೆಯದು. ಹೇಗೂ ಮೇಲಿನ ತರಗತಿಯವರು ಶಾಲೆ ಬಿಟ್ಟು ಹೋಗುತ್ತಾರೆ, ಅವರ ಜೊತೆ ಕಲಿತದ್ದೂ ಹೋಗಿಬಿಡುತ್ತದೆ. ಅವರು ಹೋಗುವ ಮೊದಲು ಕಿರಿಯರ ಪಕ್ಕ ಕೂತು ಎರಡು ಮೂರು ಸಂದರ್ಶನ ಮಾಡಿಸಬೇಕು. ಯಾವ ಪ್ರಶ್ನೆಗೆ ಮಾತು ಬಂತು, ಯಾವುದಕ್ಕೆ ಬರಲಿಲ್ಲ, ಶಾಲೆ ಯಾವ ಸಲಹೆಗೆ ಏನು ಉತ್ತರ ಕೊಟ್ಟಿತು ಅನ್ನುವುದನ್ನೆಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಹೋಗಬೇಕು.