ಪಿಪಿಎಂ ಬೇರೆ, ಬೆಕೆರೆಲ್ ಬೇರೆ

‘ಮಣ್ಣಿನಲ್ಲಿ ಇಷ್ಟು ಪಿಪಿಎಂ ವಿಕಿರಣ’ ಎಂಬ ಒಕ್ಕಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ತೂಕದ ಲೆಕ್ಕ: ಕಿಲೋ ಮಣ್ಣಿಗೆ ಒಂದು ಮಿಲಿಗ್ರಾಂ. ವಿಕಿರಣಶೀಲತೆಯ ಅಳತೆ ಬೆಕೆರೆಲ್. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ, ಅಂದರೆ ವಿಕಿರಣ ಸೂಸಿ ಮಾರ್ಪಟ್ಟರೆ, ಒಂದು ಬೆಕೆರೆಲ್. 1896ರಲ್ಲಿ ಯುರೇನಿಯಂ ಲವಣದ ಕಿರಣಗಳನ್ನು ಛಾಯಾಚಿತ್ರ ಫಲಕದ ಮೇಲೆ ಕಂಡ ಹೆನ್ರಿ ಬೆಕೆರೆಲ್ ಅವರ ಹೆಸರದು.

ಎರಡನ್ನೂ ಒಂದೇ ಎಂದುಕೊಂಡರೆ ಎಷ್ಟು ಎಡವಟ್ಟಾಗುತ್ತದೆ ನೋಡಿ. ಒಂದು ಮಿಲಿಗ್ರಾಂ ಯುರೇನಿಯಂ-238ರಲ್ಲಿ ಸೆಕೆಂಡಿಗೆ ಸುಮಾರು 12 ಪರಮಾಣುಗಳು ಕ್ಷಯಿಸುತ್ತವೆ. ಅಷ್ಟೇ ತೂಕದ ಸೀಸಿಯಂ-137ರಲ್ಲಿ? ಸುಮಾರು 320 ಕೋಟಿ! ಮೊದಲನೆಯದರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, ಎರಡನೆಯದರದು ಬರೀ 30. ಮಾಮೂಲಿ ಮಣ್ಣಿನಲ್ಲೂ ಎರಡು-ಮೂರು ಪಿಪಿಎಂ ಯುರೇನಿಯಂ ಇರುತ್ತದೆ. ಅದಕ್ಕೆ ಊರು ಬಿಡಬೇಕಿಲ್ಲ.

ಪಿಪಿಎಂ ಅಂಕಿ ಕೊಡುವ ಯಂತ್ರಗಳಲ್ಲೊಂದಾದ ಮಾಸ್ ಸ್ಪೆಕ್ಟ್ರೋಮೀಟರ್ ವಿಕಿರಣವನ್ನು ನೋಡುವುದೇ ಇಲ್ಲ. ಆಮ್ಲದಲ್ಲಿ ಕರಗಿಸಿದ ಮಣ್ಣನ್ನು ಆರ್ಗಾನ್ ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲದಲ್ಲಿ ಅಯಾನುಗಳಾಗಿಸಿ (ವಿದ್ಯುದಂಶವುಳ್ಳ ಪರಮಾಣುಗಳಾಗಿಸಿ), ದ್ರವ್ಯರಾಶಿಗೆ ತಕ್ಕಂತೆ ಬೇರ್ಪಡಿಸಿ ಎಣಿಸುತ್ತದೆ, ಅಷ್ಟೆ. ಆದ್ದರಿಂದ ನಿಧಾನವಾಗಿ ಕ್ಷಯಿಸುವ ಯುರೇನಿಯಂ, ಥೋರಿಯಂಗಳಿಗೆ ಇದು ಹೇಳಿ ಮಾಡಿಸಿದ ಯಂತ್ರ. ಸೀಸಿಯಂ-137ಕ್ಕೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ: ಮಣ್ಣಿನಲ್ಲಿ ಧಾರಾಳವಾಗಿರುವ ಬೇರಿಯಂಗೂ 137 ತೂಕದ ಐಸೋಟೋಪ್ (ಅದೇ ಧಾತುವಿನ ಬೇರೆ ತೂಕದ ರೂಪ) ಇದೆ, ಯಂತ್ರಕ್ಕೆ ಎರಡೂ ಒಂದೇ. ಅಲ್ಲಿ ಗಾಮಾ ಕಿರಣಗಳನ್ನು ಅಳೆಯುವ ಗಾಮಾ ಶೋಧಕವೇ ಸುಲಭ.

ಪ್ಲುಟೋನಿಯಂ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅದರ 239 ಮತ್ತು 240ರ ಐಸೋಟೋಪ್‌ಗಳು ಕ್ಷಯಿಸುವಾಗ ಹೊಮ್ಮಿಸುವ ಆಲ್ಫಾ ಕಣಗಳ ಶಕ್ತಿ ಹೆಚ್ಚುಕಡಿಮೆ ಒಂದೇ. ಆಲ್ಫಾ ಶೋಧಕ ಎರಡನ್ನೂ ಒಟ್ಟಿಗೇ ತೋರಿಸುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳನ್ನು ಬಿಡಿಸಿ ಎಣಿಸಬಲ್ಲದು. ಯುರೇನಿಯಂ-238ಕ್ಕೆ ಒಂದು ಹೈಡ್ರೋಜನ್ ಅಂಟಿ 239ರ ವೇಷ ಹಾಕುವ ಕಾಟವಿದೆಯೆಂದು ಮೊದಲೇ ಯುರೇನಿಯಂ ಅನ್ನು ತೆಗೆದುಹಾಕುತ್ತಾರೆ. ಅಣುಬಾಂಬ್ ಪರೀಕ್ಷಾ ಸ್ಫೋಟಗಳಿಂದ ಭೂಮಿಯ ಮೇಲೆಲ್ಲ ಉದುರಿದ ಪ್ಲುಟೋನಿಯಂನಲ್ಲಿ 239ರ ಪರಮಾಣುಗಳಿಗೆ 240ರ ಪರಮಾಣುಗಳ ಅನುಪಾತ ಸುಮಾರು 0.18. ಜಪಾನಿನ ನಾಗಸಾಕಿಯ ನಿಶಿಯಾಮ ಪ್ರದೇಶದ ಮಣ್ಣಿನಲ್ಲಿ ಅದು ಬಹಳ ಕಡಿಮೆ. 1945ರ ಬಾಂಬಿನ ಗುರುತು ಅದು. ಬೆಕೆರೆಲ್ ಲೆಕ್ಕವೊಂದರಿಂದಲೇ ಇದು ತಿಳಿಯುತ್ತಿರಲಿಲ್ಲ.

ಇನ್ನು ಪಿಪಿಎಂ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಯುರೇನಿಯಂ ಅಡಗಿರುವ ಜಿರ್ಕಾನ್ ಹರಳು ನೈಟ್ರಿಕ್ ಆಮ್ಲಕ್ಕೆ ಜಗ್ಗುವುದಿಲ್ಲ. ಲಿಥಿಯಂ ಬೋರೇಟ್ ಎಂಬ ಲವಣದ ಜೊತೆ ಕಾಯಿಸಿ ಕರಗಿಸದಿದ್ದರೆ ಆ ಯುರೇನಿಯಂ ಪಾತ್ರೆಯ ತಳದಲ್ಲೇ ಉಳಿಯುತ್ತದೆ, ವರದಿಯ ಅಂಕಿ ಅಷ್ಟಕ್ಕೆ ಇಳಿದಿರುತ್ತದೆ.